ಹಿತ್ತಿಲ ಬಸಳೆ

ಬಸಳೆ ನಮಗೆಲ್ಲ ಗೊತ್ತಿರುವ ಸೊಪ್ಪು. ಇದು ಬಳ್ಳಿಯಾಗಿ ಹಬ್ಬುತ್ತದೆ. ಇದರ ಎಲೆ ದಪ್ಪ. ಹಸಿರು ದಂಟಿನ ಬಸಳೆ ಇದೆ. ಕೆಂಪು ದಂಟಿನ ಬಸಳೆಯೂ ಇದೆ. ಕರಾವಳಿ ಕಡೆ ಬಾವಿ, ಬಚ್ಚಲಿನ ಹತ್ತಿರ ಬಸಳೆ ಚಪ್ಪರ ಕಾಣುತ್ತದೆ.

ನಾವು ಬಸಳೆಯನ್ನು ಯಾಕೆ ಬೆಳೆಸಬೇಕು?

ನಮ್ಮಲ್ಲಿ ಬಹಳ ಹೆಂಗಸರಿಗೆ ರಕ್ತ ಕಡಿಮೆ. 2019–21ರಲ್ಲಿ ಸರ್ಕಾರ ಆರೋಗ್ಯ ಸಮೀಕ್ಷೆ ಮಾಡಿತು. ಕರ್ನಾಟಕದಲ್ಲಿ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಾದರೆ ಸುಸ್ತು, ತಲೆಸುತ್ತು, ಏದುಸಿರು ಬರುತ್ತದೆ. ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ರಕ್ತ ಆಗಲು ಕಬ್ಬಿಣಾಂಶ ಬೇಕು. ಬಸಳೆಯಲ್ಲಿ ಕಬ್ಬಿಣಾಂಶ ಇದೆ. ಕಣ್ಣಿಗೆ ಬೇಕಾದ ಎ ಜೀವಸತ್ವವೂ ಇದೆ.

ಬೆಳೆಸೋದು ಹೇಗೆ?

ಬೀಜ ಕೊಳ್ಳಬೇಕಾಗಿಲ್ಲ. ಪಕ್ಕದ ಮನೆಯವರ ಹತ್ತಿರ ಬಲಿತ ದಂಟು ಕೇಳಿ. ಒಂದು ಗೇಣು ಉದ್ದದ ತುಂಡು ಸಾಕು. ಅದರಲ್ಲಿ ಮೂರು ನಾಲ್ಕು ಗೆಣ್ಣು ಇರಲಿ. ಮಣ್ಣು ಸಡಿಲ ಮಾಡಿ. ಒಣಗಿದ ಸಗಣಿ ಗೊಬ್ಬರ ಬೆರೆಸಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಕೆಲವು ದಿನ ನೆರಳು ಮಾಡಿ.

ಅಕ್ಕಿ, ತರಕಾರಿ ತೊಳೆದ ನೀರನ್ನು ಬುಡಕ್ಕೆ ಹಾಕಿ. ಮಣ್ಣು ತೇವ ಇರಬೇಕು, ನೀರು ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ. ಬಳ್ಳಿ ಎದ್ದ ಮೇಲೆ ಕೋಲು ನೆಟ್ಟು ಚಪ್ಪರಕ್ಕೆ ಹತ್ತಿಸಿ. ಜಾಗ ಇಲ್ಲವೇ? ಹಳೆ ಚೀಲ, ಒಡೆದ ಬಕೆಟ್ಟೂ ಆಗುತ್ತದೆ. ತಳದಲ್ಲಿ ತೂತು ಇರಲಿ.

ಸುಮಾರು ಎರಡು ತಿಂಗಳಿಗೆ ಸೊಪ್ಪು ಕೊಯ್ಯಬಹುದು. ಬುಡದಿಂದ ಕೀಳಬೇಡಿ. ಕುಡಿ ಕೊಯ್ದರೆ ಪಕ್ಕದಲ್ಲಿ ಹೊಸ ಕವಲು ಬರುತ್ತದೆ. ಚುಕ್ಕೆ ಬಿದ್ದ ಎಲೆ ಕಿತ್ತು ದೂರ ಹಾಕಿ.

ಅಡುಗೆ ಮಾಡೋದು ಹೇಗೆ?

ಸೊಪ್ಪನ್ನು ಮೊದಲು ತೊಳೆಯಿರಿ, ಆಮೇಲೆ ಹೆಚ್ಚಿ. ಎಳೆ ದಂಟನ್ನೂ ಬಿಸಾಡಬೇಡಿ. ತೊಗರಿಬೇಳೆ ಇಲ್ಲವೆ ಹೆಸರುಕಾಳು ಹಾಕಿ ಹುಳಿ ಮಾಡಬಹುದು. ಹುಣಸೆಹುಳಿ ಹಾಕಿದರೆ ಲೋಳೆ ಕಡಿಮೆ ಆಗುತ್ತದೆ. ಮಂಗಳೂರು ಕಡೆ ಅಕ್ಕಿಯ ಪುಂಡಿಯನ್ನು ಬಸಳೆ ಸಾರಿನಲ್ಲಿ ಹಾಕಿ ತಿನ್ನುತ್ತಾರೆ.

ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಟೀ ಕುಡಿಯಬೇಡಿ. ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಒಂದು ಮಾತು ನೆನಪಿರಲಿ. ಬಸಳೆ ಊಟ, ಔಷಧಿ ಅಲ್ಲ. ಸುಸ್ತು ಹೆಚ್ಚಿದ್ದರೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ. ಕೊಟ್ಟ ಕಬ್ಬಿಣಾಂಶದ ಮಾತ್ರೆ ತಪ್ಪದೆ ನುಂಗೋಣ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ವೈದ್ಯರನ್ನು ಕೇಳಿ ಬಸಳೆ ತಿನ್ನಬೇಕು.

ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವರು ನಾವು. ಆಗ ಪಾತ್ರೆಯಲ್ಲಿ ತಿಳಿ ಮಾತ್ರ ಉಳಿದಿರುತ್ತದೆ. ನೆಟ್ಟವರು ನಾವು, ನೀರು ಹಾಕಿದವರು ನಾವು. ಬಡಿಸುವಾಗ ನಮ್ಮ ಪಾಲಿನ ಸೊಪ್ಪನ್ನೂ ತೆಗೆದಿಡೋಣ.