‘ಮಗು ಯಾರು ನೋಡ್ಕೋತಾರೆ?’ ಅಂದ್ರೆ ಏನು ಹೇಳ್ತೀರಿ?

ಇಂಟರ್‌ವ್ಯೂ ಎಂದಾಕ್ಷಣ ಎದೆ ಢವಢವ. ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ಹುಡುಗಿಯರಿಗೇ ಹೀಗಾದರೆ, ಏಳು ವರ್ಷ ಅಡುಗೆಮನೆ, ಮಗುವಿನ ಹೋಂವರ್ಕು ಅಂತ ಕಳೆದವರ ಗತಿ?

ನಮ್ಮ ಎದುರುಮನೆಯಾಕೆ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಮದುವೆಗೆ ಮುಂಚೆ ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದಳು. ಮಗ ಎರಡನೇ ಕ್ಲಾಸಿಗೆ ಬಂದ ಮೇಲೆ ಮತ್ತೆ ಕೆಲಸಕ್ಕೆ ಹೋಗುವ ಆಸೆ. ಮನೆ ಸಾಲದ ಕಂತು ಬೇರೆ. ಎಂಜಿನಿಯರಿಂಗ್ ಕಂಪನಿಯೊಂದರಿಂದ ಕರೆ ಬಂದಾಗ ಸೀರೆಗೆ ಇಸ್ತ್ರಿ ಹಾಕಿಸಿದಳೇ ಹೊರತು ಹಳೆ ಪುಸ್ತಕ ತೆರೆಯಲಿಲ್ಲ.

ಒಳಗೆ ಮೂವರು ಕೂತಿದ್ದರು. ಮೊದಲ ಪ್ರಶ್ನೆ, ‘ಏಳು ವರ್ಷ ಏನು ಮಾಡ್ತಿದ್ರಿ?’ ‘ಏನಿಲ್ಲ ಸಾರ್, ಮನೇಲೇ ಇದ್ದೆ’ ಅಂದಳು. ಡ್ರಾಯಿಂಗ್ ಹಾಳೆ ಮುಂದಿಟ್ಟು, ‘ಈ ಶಾಫ್ಟ್ ಸಡಿಲವಾಗಿ ಕೂರುತ್ತೋ, ಬಿಗಿಯಾಗೋ?’ ಎಂದರು. ಗೊತ್ತಿದ್ದ ಉತ್ತರ ಬಾಯಿಗೆ ಬರಲಿಲ್ಲ. ಕೊನೆಗೆ, ‘ಮಗು ಯಾರು ನೋಡ್ಕೋತಾರೆ?’ ಅಷ್ಟೇ, ಗಂಟಲು ಕಟ್ಟಿತು. ‘ಬಸ್ಸಲ್ಲಿ ಅತ್ಕೊಂಡೇ ಬಂದೆ ಕಣ್ರೀ’ ಅಂತ ಆಮೇಲೆ ಹೇಳಿಕೊಂಡಳು.

ಎರಡನೇ ಸಲ ಹಾಗಾಗಲಿಲ್ಲ

ಎರಡು ತಿಂಗಳು ದಿನಾ ಮಧ್ಯಾಹ್ನ ಒಂದು ಗಂಟೆ ಪುಸ್ತಕ ಹಿಡಿದು ಕೂತಳು. ಅಳತೆಯ ಸಾಧನಗಳು, ಡ್ರಾಯಿಂಗ್ ಓದುವುದು, ಟಾಲರೆನ್ಸ್, ಇಷ್ಟೇ. ಮತ್ತೊಂದು ಕಂಪನಿಯಲ್ಲಿ ಮೈಕ್ರೋಮೀಟರ್ ಕೈಗೆ ಕೊಟ್ಟು ಅಳೆಯಲು ಹೇಳಿದಾಗ ಕೈ ನಡುಗಲಿಲ್ಲ. 0.01 ಮಿಲಿಮೀಟರ್‌ವರೆಗೂ ಓದಿ ಹೇಳಿದಳು. ಮಗುವಿನ ಪ್ರಶ್ನೆ ಅಲ್ಲೂ ಬಂತು. ‘ಸ್ಕೂಲ್ ಬಿಟ್ಮೇಲೆ ಅತ್ತೆ ನೋಡ್ಕೋತಾರೆ. ನನ್ನ ಹಾಜರಾತಿಗೆ ತೊಂದರೆ ಆಗಲ್ಲ ಸಾರ್. ಶಿಫ್ಟ್ ಟೈಮಿಂಗ್ ಹೇಗಿರುತ್ತೆ?’ ಅಂತ ಇವಳೇ ತಿರುಗಿ ಕೇಳಿದಳು. ಕೆಲಸ ಸಿಕ್ಕಿತು. ಸಂಬಳ ಹಳೆಯದಕ್ಕಿಂತ ಬಹಳವೇನೂ ಹೆಚ್ಚಿಲ್ಲ. ಆದರೆ ಮುಖದಲ್ಲಿ ಕಳೆ ಬಂದಿದೆ.

ಹೆಣ್ಣೆಂಬ ಕಾರಣಕ್ಕೆ ಎದುರಾಗುವ ಇಂಥ ಪ್ರಶ್ನೆ ಇವತ್ತಿನದಲ್ಲ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಸುಧಾ ಮೂರ್ತಿ, ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂಬ ಸಾಲು ಕಂಡು ಸಿಟ್ಟಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್‌ಕಾರ್ಡ್ ಬರೆದರು. ಪುಣೆಯಿಂದ ಸಂದರ್ಶನಕ್ಕೆ ಕರೆ ಬಂತು. ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರಿಸಿ, ಆ ಕಂಪನಿಯ ಮೊದಲ ಮಹಿಳಾ ಎಂಜಿನಿಯರ್ ಆದರು. ಕೋಪಕ್ಕಿಂತ ಅವರ ಕೈಹಿಡಿದದ್ದು ವಿಷಯದ ಮೇಲಿನ ಹಿಡಿತ.

ನೀವೋ, ನಿಮ್ಮ ಮಗಳೋ ಹೊರಟಿದ್ದರೆ

* ‘ಮನೇಲಿ ಸುಮ್ನೆ ಇದ್ದೆ’ ಎನ್ನಬೇಡಿ. ಬಿಡುವು ತೆಗೆದುಕೊಂಡ ಕಾರಣವನ್ನು ಎರಡೇ ವಾಕ್ಯದಲ್ಲಿ ಹೇಳಿ. ಈಗ ಏನು ಕಲಿತು ಬಂದಿದ್ದೀರಿ ಎಂಬಲ್ಲಿಗೆ ಮಾತು ತನ್ನಿ. ಸುಳ್ಳು ಅನುಭವ ಬರೆಯಲೇಬೇಡಿ. ಮೂರನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

* ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸಾರ್’ ಅಂದರೆ ತಪ್ಪಿಲ್ಲ. ಅರ್ಧ ಗೊತ್ತಿದ್ದರೆ ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳಿ. ಎಷ್ಟೋ ಸಲ ಅವರು ನೋಡುವುದು ಅದನ್ನೇ.

* ಮಗಳಿಗೆ ಅವಳದೇ ಕೊನೇ ವರ್ಷದ ಪ್ರಾಜೆಕ್ಟನ್ನು ನಿಮ್ಮೆದುರು ವಿವರಿಸಲು ಹೇಳಿ. ನಿಮಗೆ ಅರ್ಥವಾಗುವಂತೆ ಹೇಳಿದರೆ ಅರ್ಧ ಗೆದ್ದಂತೆ.

* ಮದುವೆ, ಮಕ್ಕಳ ಪ್ರಶ್ನೆ ಬಂದರೆ ಸಿಡುಕಬೇಡಿ, ಹೆದರಲೂ ಬೇಡಿ. 1976ರ ಸಮಾನ ವೇತನ ಕಾಯ್ದೆಯ ಕಾಲದಿಂದಲೂ ಹೆಣ್ಣೆಂಬ ಕಾರಣಕ್ಕೆ ನೇಮಕದಲ್ಲಿ ತಾರತಮ್ಯ ಮಾಡುವಂತಿಲ್ಲ.

* ಪಾಳಿ, ವಾಹನ, ಹೆರಿಗೆ ರಜೆ ಬಗ್ಗೆ ಸೇರುವ ಮುಂಚೆಯೇ ಕೇಳಿ ತಿಳಿಯಿರಿ. 2017ರ ತಿದ್ದುಪಡಿಯಂತೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ. 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರವೂ ಇರಬೇಕು.

* ಕೆಲಸ ಕೊಡಿಸುತ್ತೇವೆ, ಡಿಪಾಸಿಟ್ ಕಟ್ಟಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೊದಲ ಸಲ ಆಗದಿದ್ದರೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಉತ್ತರ ಬಾರದ ಪ್ರಶ್ನೆಗಳನ್ನು ಮನೆಗೆ ಬಂದ ತಕ್ಷಣ ಡೈರಿಯಲ್ಲಿ ಬರೆದಿಡಿ. ಎದುರುಮನೆಯಾಕೆ ಮಾಡಿದ್ದೂ ಅದನ್ನೇ. ಆ ದಿನ ಅತ್ತು ಮುಗಿದ ಮೇಲೆ, ರಾತ್ರಿ ಅನ್ನಕ್ಕಿಡುವ ಮುಂಚೆ!