ಕಲ್ಲು ಬಡಿದ ಕೈ ಯಾವುದು?

ಇಂದು ಯಾವ ನಾಡಿನಲ್ಲಿ ಲೆಕ್ಕ ಹಾಕಿದರೂ ನೂರಕ್ಕೆ ಸುಮಾರು 90 ಜನ ಬಲಗೈಯವರು. ಚಿಂಪಾಂಜಿಗಳಲ್ಲಿ ಒಂದೊಂದಕ್ಕೂ ತನ್ನ ರೂಢಿಯ ಕೈ ಇರುತ್ತದೆ. ಆದರೆ ಕಾಡಿನ ಹಿಂಡು ಹಿಂಡೇ ಇಷ್ಟು ಬಲವಾಗಿ ಒಂದು ಬದಿಗೆ ವಾಲಿರುವುದು ಕಂಡಿಲ್ಲ. ಹಾಗಾದರೆ ನಮ್ಮ ಪೂರ್ವಜರು ಬಲಕ್ಕೆ ವಾಲಿದ್ದು ಯಾವಾಗ?

ಅಮೆರಿಕದ ಪುರಾತತ್ವಜ್ಞ ನಿಕೊಲಸ್ ಟಾತ್ ಇದಕ್ಕೆ ಉತ್ತರ ಹುಡುಕಿದ್ದು ಕಲ್ಲಿನ ಚಕ್ಕೆಗಳಲ್ಲಿ. ಅವರು ತಾವೇ ಕಲ್ಲು ಬಡಿದು ಪುರಾತನ ಆಯುಧಗಳನ್ನು ಮಾಡಿ ನೋಡಿದವರು. ಎಡಗೈಯಲ್ಲಿ ಗುಂಡುಗಲ್ಲನ್ನು ಹಿಡಿದು, ಬಲಗೈಯ ಬಡಿಗಲ್ಲಿನಿಂದ ಅದರ ಅಂಚಿಗೆ ಹೊಡೆದಾಗ ಚಕ್ಕೆ ಏಳುತ್ತದೆ. ಮುಂದಿನ ಏಟಿಗೆ ಎಡಗೈ ಆ ಕಲ್ಲನ್ನು ಸಲೀಸಾಗಿ ತಿರುಗಿಸುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಹಾಗಾಗಿ ಎರಡನೆಯ ಚಕ್ಕೆಯ ಎಡಭಾಗದಲ್ಲಿ ಹಿಂದಿನ ಏಟಿನ ಗುರುತು, ಬಲಭಾಗದಲ್ಲಿ ಕಲ್ಲಿನ ಮೂಲ ಹೊರಸಿಪ್ಪೆ ಉಳಿಯುತ್ತದೆ. ಎಡಗೈಯವರು ಬಡಿದರೆ ಇದು ತಿರುವುಮುರುವು. ಟಾತ್ ತಾವು ಎಬ್ಬಿಸಿದ ಚಕ್ಕೆಗಳನ್ನು ಎಣಿಸಿದಾಗ ಬಲಸಿಪ್ಪೆಯವು 56, ಎಡಸಿಪ್ಪೆಯವು 44ರ ಪ್ರಮಾಣದಲ್ಲಿದ್ದವು. ಕೀನ್ಯಾದ ತುರ್ಕಾನಾ ಸರೋವರದ ದಡದ ಕೂಬಿ ಫೋರಾದಲ್ಲಿ ಸಿಕ್ಕ, 19ರಿಂದ 14 ಲಕ್ಷ ವರ್ಷ ಹಳೆಯ ಚಕ್ಕೆಗಳಲ್ಲಿ ಈ ಪ್ರಮಾಣ 57ಕ್ಕೆ 43. ಅಂದರೆ ಅವನ್ನು ಬಡಿದವರಲ್ಲೂ ಬಲಗೈಯವರೇ ಹೆಚ್ಚು ಎಂಬುದು ಟಾತ್ ತರ್ಕ. 1985ರಲ್ಲಿ ಪ್ರಕಟವಾದ ಈ ಲೆಕ್ಕ ಎಲ್ಲರ ಗಮನ ಸೆಳೆಯಿತು. ಬಲಗೈಯನ್ನು ಆಳುವುದು ಮಿದುಳಿನ ಎಡ ಅರೆಗೋಳ. ಹೆಚ್ಚಿನವರಲ್ಲಿ ಮಾತನ್ನು ನಡೆಸುವುದೂ ಅದೇ. ಹಾಗಾಗಿ ಭಾಷೆಯ ಹುಟ್ಟಿನ ಸುಳಿವೂ ಇಲ್ಲಿರಬಹುದೇ ಎಂದು ಕೆಲವರು ಆಸೆಪಟ್ಟರು.

ವಿಧಾನ ಸೊಗಸಾಗಿದೆ, ಆದರೆ ನನಗೆ ಅದರ ಮೇಲೆ ಪೂರ್ತಿ ಭರವಸೆ ಇಲ್ಲ. ಬಲಗೈಯವರೆಲ್ಲ ಕಲ್ಲನ್ನು ಒಂದೇ ದಿಕ್ಕಿಗೆ ತಿರುಗಿಸಬೇಕೆಂಬ ನಿಯಮವೇನಿಲ್ಲ. ಕಲ್ಲಿನ ಆಕಾರ, ಕಲಿತ ಪದ್ಧತಿ, ತೊಡೆಯ ಮೇಲೆ ಇಟ್ಟು ಬಡಿಯುವ ಅಭ್ಯಾಸ, ಇವೆಲ್ಲವೂ ಲೆಕ್ಕವನ್ನು ಬದಲಿಸಬಲ್ಲವು. 1999ರಲ್ಲಿ ಸಂಶೋಧಕಿ ಬ್ರಿಯಾನಾ ಪೊಬಿನರ್ ಕೂಡ ಚಕ್ಕೆಯ ಸಿಪ್ಪೆ ತೋರಿಸುವುದು ಬಡಿಯುವ ರೀತಿಯನ್ನು, ಕೈಯನ್ನಲ್ಲ ಎಂದು ವಾದಿಸಿದರು. ಜೊತೆಗೆ, ಒಂದು ಚಕ್ಕೆಯನ್ನು ಹಿಡಿದು ಇದನ್ನು ಬಡಿದವರು ಇಂಥ ಕೈಯವರು ಎಂದು ಹೇಳಲು ಈ ವಿಧಾನದಲ್ಲಿ ಸಾಧ್ಯವೇ ಇಲ್ಲ. ರಾಶಿಯ ಸರಾಸರಿಯಷ್ಟೇ ಸಿಗುತ್ತದೆ.

ಹಲ್ಲಿನ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಆಗಿನವರು ಮಾಂಸವನ್ನೋ ತೊಗಲನ್ನೋ ಮುಂಬಲ್ಲುಗಳಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಮತ್ತೊಂದು ಕೈಯ ಕಲ್ಲಿನ ಚಕ್ಕೆಯಿಂದ ಕೊಯ್ಯುತ್ತಿದ್ದರು. ಆಗಾಗ ಕೈತಪ್ಪಿ ಚಕ್ಕೆ ಹಲ್ಲಿಗೆ ತಗಲಿ ಓರೆಯಾಗಿ ಗೀರುತ್ತಿತ್ತು. ಆ ಓರೆಗೀರು ಯಾವ ಕಡೆ ವಾಲಿದೆ ಎಂಬುದರಿಂದ ಆ ವ್ಯಕ್ತಿ ಕೊಯ್ದ ಕೈ ಯಾವುದೆಂದು ತಿಳಿಯುತ್ತದೆ. ಸ್ಪೇನಿನ ಅಟಾಪುಯೆರ್ಕಾದಲ್ಲಿ ಸಿಕ್ಕ 4.3 ಲಕ್ಷ ವರ್ಷ ಹಿಂದಿನವರ ಹಲ್ಲುಗಳಲ್ಲಿ ಬಲಗೈಯ ಗೀರುಗಳೇ ಹೇರಳ. ತಾಂಜಾನಿಯಾದ ಓಲ್ಡುವಾಯಿಯಲ್ಲಿ ದೊರೆತ 18 ಲಕ್ಷ ವರ್ಷ ಹಳೆಯ ಮೇಲ್ದವಡೆಯೊಂದರಲ್ಲೂ ಇಂಥ ಗೀರುಗಳಿವೆ ಎಂದು 2016ರಲ್ಲಿ ಸಂಶೋಧಕ ಡೇವಿಡ್ ಫ್ರೇಯರ್ ತಂಡ ವರದಿ ಮಾಡಿತು. ಅದು ಒಬ್ಬರ ದವಡೆ ಮಾತ್ರ. ಅವರ ಕಾಲದ ಎಲ್ಲರೂ ಹಾಗೆಯೇ ಇದ್ದರು ಎನ್ನಲು ಇನ್ನಷ್ಟು ದವಡೆಗಳು ಬೇಕು. ಯುರೋಪಿನ ನಿಯಾಂಡರ್ತಾಲರ ವಿಷಯದಲ್ಲಿ ಅಂಥ ಕೊರತೆಯಿಲ್ಲ: ಅವರಲ್ಲಿ ಬಹುಪಾಲು ಬಲಗೈಯವರು, ನಡುವೆ ಕೆಲವರು ಎಡಗೈಯವರು.