ಎರಡು ನಿಲ್ದಾಣಗಳ ನಡುವಣ ಆಕಾಶ

ಕೊಡಗಿನ ಕಕ್ಕಬೆಯಲ್ಲಿ ನಿಂತು ತಡಿಯಂಡಮೋಳ್ ಬೆಟ್ಟವನ್ನು ನೋಡುವವನಿಗೆ ವಿಮಾನ ನಿಲ್ದಾಣವೆಂಬುದು ದೂರದ ಮಾತಾಗಿ ತೋರುವುದು ಸಹಜ. ಆದರೆ ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟರೆ ಬೇರೊಂದು ಸಂಗತಿ ಹೊರಪಡುತ್ತದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣವು ಹೆಚ್ಚುಕಡಮೆ ಇದೇ ಅಕ್ಷಾಂಶದಲ್ಲಿ, ನೇರ ಪೂರ್ವಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿದೆ. ಮಂಗಳೂರಿನ ಬಜಪೆ ವಾಯವ್ಯಕ್ಕೆ ಅಷ್ಟೇ ದೂರ. 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವಂತೂ ಹಕ್ಕಿಯ ದಾರಿಯಲ್ಲಿ 40 ಕಿಲೋಮೀಟರಿಗೂ ಕಡಮೆ.

ಮೊದಲು ಮೈಸೂರು–ಮಂಗಳೂರುಗಳ ಅಂತರವನ್ನು ನಾವೇ ಲೆಕ್ಕಹಾಕೋಣ. ಮಂಡಕಳ್ಳಿಯ ಅಕ್ಷಾಂಶ 12 ಅಂಶ 14 ಕಲೆ, ರೇಖಾಂಶ 76 ಅಂಶ 39 ಕಲೆ. ಬಜಪೆಯದು 12 ಅಂಶ 58 ಕಲೆ ಮತ್ತು 74 ಅಂಶ 53 ಕಲೆ. ಅಕ್ಷಾಂಶದ ಒಂದು ಕಲೆಯೆಂದರೆ ನೆಲದ ಮೇಲೆ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್, 44 ಕಲೆಗಳಿಗೆ ಸುಮಾರು 81 ಕಿಲೋಮೀಟರ್ ಆಯಿತು. ರೇಖಾಂಶಗಳು ಧ್ರುವಗಳತ್ತ ಒಂದನ್ನೊಂದು ಸಮೀಪಿಸುವುದರಿಂದ ನಮ್ಮ ಸೀಮೆಯಲ್ಲಿ ಅವುಗಳ ಒಂದು ಕಲೆ ಸುಮಾರು 1.81 ಕಿಲೋಮೀಟರ್ ಮಾತ್ರ. 106 ಕಲೆಗಳಿಗೆ 192. ಇವೆರಡನ್ನು ಲಂಬಕೋನ ತ್ರಿಭುಜದ ಎರಡು ಭುಜಗಳೆಂದೆಣಿಸಿದರೆ ಕರ್ಣವು 208 ಕಿಲೋಮೀಟರ್. ಭೂಮಿಯ ಗುಂಡುತನವು ಇಷ್ಟು ಕಿರಿದಾದ ದೂರದಲ್ಲಿ ಲೆಕ್ಕವನ್ನು ಹೆಚ್ಚು ಕೆಡಿಸದು. ಈ ಗೆರೆ ಸೋಮವಾರಪೇಟೆ ಮತ್ತು ಪುಷ್ಪಗಿರಿಗಳ ಬಳಿಯಲ್ಲೇ ಕೊಡಗನ್ನು ದಾಟುತ್ತದೆ.

2020ರ ಡಿಸೆಂಬರಿನಲ್ಲಿ ಈ ಎರಡು ಊರುಗಳ ನಡುವೆ ಅಲಯನ್ಸ್ ಏರ್ ಸಂಸ್ಥೆಯ ಹಾರಾಟ ಆರಂಭವಾಯಿತು. ಬಳಸಿದ್ದು ಪ್ರೊಪೆಲರುಗಳುಳ್ಳ ಎ.ಟಿ.ಆರ್. 72. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಹಾಗಾದರೆ 25 ನಿಮಿಷ ಸಾಕಲ್ಲವೆ? ವೇಳಾಪಟ್ಟಿ ಮಾತ್ರ ಸುಮಾರು ಒಂದು ಗಂಟೆ ಎಂದಿತು.

ಇದರಲ್ಲಿ ಮೋಸವೇನೂ ಇಲ್ಲ. ವೇಳಾಪಟ್ಟಿಯ ಗಡಿಯಾರ ನಡೆಯತೊಡಗುವುದು ವಿಮಾನವು ನೆಲ ಬಿಟ್ಟಾಗಲ್ಲ, ನಿಂತ ತಾಣದಿಂದ ಕದಲಿದಾಗ. ನಿಲ್ಲುವುದು ಅತ್ತ ಇಳಿದು ತನ್ನ ತಾಣ ಸೇರಿದಾಗ. ಓಡುದಾರಿಯ ತುದಿಗೆ ಸಾಗುವುದು, ಅಪ್ಪಣೆಗಾಗಿ ಕಾಯುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ಅಲ್ಲದೆ 500ರ ವೇಗ ಮೇಲೇರಿದ ಬಳಿಕವೇ ದೊರೆಯುವಂಥದು. 1712 ಮೀಟರ್ ಎತ್ತರದ ಪುಷ್ಪಗಿರಿಯನ್ನು ಸಾಕಷ್ಟು ಮೇಲಿನಿಂದ ದಾಟಬೇಕು; ದಾಟಿದೊಡನೆ ಕರಾವಳಿಗೆ ಇಳಿಯಬೇಕು. ಇಳಿಜಾರು ಸಾಮಾನ್ಯವಾಗಿ ಮೂರು ಅಂಶ, ಅಂದರೆ ಕಿಲೋಮೀಟರಿಗೆ ಸುಮಾರು 52 ಮೀಟರ್. ಮೂರು ಸಾವಿರ ಮೀಟರಿನಿಂದ ಇಳಿಯಲು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಬೇಕು! ಇಷ್ಟು ಮೋಟು ದಾರಿಯಲ್ಲಿ ಪೂರ್ಣ ವೇಗದ ಹಾರಾಟಕ್ಕೆ ಉಳಿಯುವ ಭಾಗ ಸ್ವಲ್ಪವೇ. ಕೊನೆಗೆ ಬಜಪೆಯ ಓಡುದಾರಿಗೆ ಸರಿಯಾಗಿ ಮುಖ ಮಾಡಲು ಸುತ್ತಿ ಬರಬೇಕಾಗಬಹುದು. ಮುಂಗಾರಿನ ಪಡುವಣ ಗಾಳಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎದುರಾದರೆ 25 ನಿಮಿಷವು 28 ಆಗುತ್ತದೆ; ಮರಳುವಾಗ ಅದೇ ಗಾಳಿ 23ಕ್ಕೆ ಇಳಿಸುತ್ತದೆ.

ರಜೆ ಮುಗಿಸಿ ಕಕ್ಕಬೆಯಿಂದ ಹೊರಡುವ ಯೋಧನಿಗೆ ಈ ನಿಮಿಷಗಳಿಗಿಂತ ನೆಲದ ಗಂಟೆಗಳೇ ದೊಡ್ಡವು. ಕಣ್ಣೂರು ನಿಲ್ದಾಣಕ್ಕೆ ವಿರಾಜಪೇಟೆ, ಮಾಕುಟ್ಟ, ಇರಿಟ್ಟಿಗಳ ಮೇಲೆ ಹೋಗುವ ರಸ್ತೆ ಹಕ್ಕಿಯ ದಾರಿಯ ಸುಮಾರು ಎರಡರಷ್ಟು; ಅದರಲ್ಲೂ ಘಟ್ಟದ ತಿರುವುಗಳು. 2018ರ ಮಳೆಗಾಲದಲ್ಲಿ ಭೂಕುಸಿತದಿಂದ ಮಾಕುಟ್ಟದ ದಾರಿಯೇ ಮುಚ್ಚಿತ್ತು. ಅಂಥ ದಿನಗಳಲ್ಲಿ ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಗಳನ್ನು ಬಳಸಿ ಘಟ್ಟವಿಳಿಯಬೇಕು. ಆದ್ದರಿಂದ ಜೂನ್ ತಿಂಗಳಲ್ಲಿ ವಿಮಾನ ಹಿಡಿಯಬೇಕಾದವರು ಹಿಂದಿನ ದಿನವೇ ಮನೆ ಬಿಡುವುದುಂಟು.